ಯುದ್ಧದ ಹೊತ್ತಿಗೆ ಬಾಲ ಕಳೆದುಕೊಳ್ಳುವ ವಾಕ್ಯಗಳು

ಮಂಡ್ಯ ಆವೃತ್ತಿಯ ಪತ್ರಿಕೆಗಳಲ್ಲಿ ಅಂಗೈ ಅಗಲದ ಒಂದು ಚೌಕ ಬರುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮುಖಪುಟದ ದಪ್ಪ ತಲೆಬರಹ ಬಿಟ್ಟು ಮೊದಲು ಅಲ್ಲಿಗೇ ಕಣ್ಣು ಹಾಯಿಸುವ ಓದುಗರು ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆ ಎಷ್ಟು ಬೇಕಾದರೂ ಸಿಗುತ್ತಾರೆ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಿ ಎಂದಾಗ, ಅದರರ್ಥ ಏನೆಂದು ಇವರಿಗೆ ಯಾವ ಟಿವಿಯೂ ಬಿಡಿಸಿ ಹೇಳಬೇಕಿರಲಿಲ್ಲ. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಹಾಗಾದರೆ ಹತ್ತು ದಿನಕ್ಕೆ ಹತ್ತಿರ ಹತ್ತಿರ 13 ಟಿಎಂಸಿ. ಕಟ್ಟೆ ತುಂಬಿ ತುಳುಕಿದರೂ ಹಿಡಿಯುವುದು 49.45. ಮುಂದಿನ ಪ್ರಶ್ನೆಯೂ ಸಿದ್ಧ: ಈ ಲೆಕ್ಕ ಕಟ್ಟೆ ಬಾಗಿಲಲ್ಲಿ ಅಳೆದದ್ದೋ, ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದದ್ದೋ? ಅಳೆದವರು ಯಾರು? ಎಂದಿನಿಂದ ಎಂದಿನವರೆಗೆ?

ಅದೇ ಓದುಗರು, ಗಡಿಯಲ್ಲಿ ಬಿಸಿ ಏರಿದ ವಾರ, ಈ ಪ್ರಶ್ನೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡುಬಿಡುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ. ಕಟ್ಟೆ ಕಣ್ಣೆದುರಿಗಿದೆ, ಬೈಕ್ ಹತ್ತಿದರೆ ಹೋಗಿ ನೋಡಿ ಬರಬಹುದು. ಗಡಿ ಎರಡು ಸಾವಿರ ಕಿಲೋಮೀಟರ್ ಆಚೆ ಇದೆ. ಅಲ್ಲಿ ನಡೆದದ್ದು ನಮಗೆ ತಲುಪುವುದು ಬರೀ ವಾಕ್ಯಗಳಾಗಿ ಮತ್ತು ಯಾರೋ ಆರಿಸಿ ಕಳಿಸಿದ ಚಿತ್ರಗಳಾಗಿ. ಆದ್ದರಿಂದ ಅಳೆಯುವುದಿದ್ದರೆ ಆ ವಾಕ್ಯಗಳನ್ನೇ ಅಳೆಯಬೇಕು.

ಪತ್ರಿಕೆಯ ಪಕ್ಷಪಾತ ಎಂದ ಕೂಡಲೇ ನಮ್ಮಲ್ಲಿ ಶುರುವಾಗುವುದು ಯಾವ ಪತ್ರಿಕೆ ಯಾರ ಕಡೆ, ಯಾವ ಚಾನೆಲ್‌ಗೆ ಯಾರ ದುಡ್ಡು ಎಂಬ ಜಗಳ. ಮಂಡ್ಯದ ಸಂಜಯ ವೃತ್ತದಲ್ಲಿ ನಿಂತು ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಅದನ್ನು ಪಟಪಟನೆ ಹೇಳಿಬಿಡುತ್ತಾರೆ. ಎಲ್ಲರಿಗೂ ಗೊತ್ತಿರುವ ಪಕ್ಷಪಾತ ಅಷ್ಟೇನೂ ಅಪಾಯದ್ದಲ್ಲ; ಉಪ್ಪು ಜಾಸ್ತಿ ಎಂದು ಗೊತ್ತಿದ್ದರೆ ನೋಡಿಕೊಂಡು ಬಡಿಸಿಕೊಳ್ಳಬಹುದು. ಯುದ್ಧ ಬರುವ ಮುಂಚಿನ ದಿನಗಳಲ್ಲಿ ನಿಜವಾಗಿ ಕೆಲಸ ಮಾಡುವ ಪಕ್ಷಪಾತ ಬೇರೆಯದು. ಅದಕ್ಕೆ ಮಾಲೀಕನ ಆದೇಶ ಬೇಕಿಲ್ಲ, ಸಂಪಾದಕನ ಒಲವೂ ಬೇಕಿಲ್ಲ. ಕನ್ನಡದಲ್ಲಂತೂ ಅದು ವಾಕ್ಯದ ಬಾಲದಲ್ಲೇ ಕೂತಿರುತ್ತದೆ.

ಜಿಲ್ಲಾ ಆವೃತ್ತಿಗೆ ಗಡಿಯಲ್ಲಿ ಸ್ವಂತ ವರದಿಗಾರ ಇರುವುದಿಲ್ಲ. ಸುದ್ದಿ ಬರುವುದು ಪಿಟಿಐನಂಥ ಏಜೆನ್ಸಿಯಿಂದ, ಬಹುಪಾಲು ಇಂಗ್ಲಿಷಿನಲ್ಲಿ. ರಾತ್ರಿ ಡೆಸ್ಕ್‌ನಲ್ಲಿ ಕೂತ ಉಪಸಂಪಾದಕರು ಅದನ್ನು ಕನ್ನಡಕ್ಕೆ ತರಬೇಕು, ಅಳತೆಗೆ ಕತ್ತರಿಸಬೇಕು, ತಲೆಬರಹ ಕೊಡಬೇಕು, ಪುಟ ಬಿಡುವ ಹೊತ್ತಿನೊಳಗೆ ಮುಗಿಸಬೇಕು. ಈಗ ಮಾದರಿಗೆ ಒಂದು ವಾಕ್ಯ ಕಟ್ಟಿಕೊಳ್ಳೋಣ. ಏಜೆನ್ಸಿ ಪ್ರತಿಯಲ್ಲಿ ಹೀಗಿದೆ ಎನ್ನಿ: "ಗಡಿಯಾಚೆಯ ಮೂರು ನೆಲೆಗಳ ಮೇಲೆ ದಾಳಿ ನಡೆದಿದ್ದು, 12 ಮಂದಿ ಸತ್ತಿರಬಹುದು ಎಂದು ಹೆಸರು ಹೇಳಲು ಇಚ್ಛಿಸದ ಅಧಿಕಾರಿಯೊಬ್ಬರು ತಿಳಿಸಿದ್ದಾರೆ. ಇದು ಸ್ವತಂತ್ರವಾಗಿ ದೃಢಪಟ್ಟಿಲ್ಲ."

ಪುಟದಲ್ಲಿ ಜಾಗ ಇಲ್ಲದಾಗ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ಡೆಸ್ಕ್‌ನ ಹಳೇ ಪಾಠ. ಮುಖ್ಯವಾದದ್ದು ಮೇಲಿರುತ್ತದೆ, ಕೆಳಗಿನದು ಹೋದರೆ ನಷ್ಟವಿಲ್ಲ ಎಂಬ ಲೆಕ್ಕ. ಹಾಗಾಗಿ ಮೊದಲು ಹೋಗುವುದೇ "ಸ್ವತಂತ್ರವಾಗಿ ದೃಢಪಟ್ಟಿಲ್ಲ". ಉಳಿದದ್ದು ಹೀಗಾಗುತ್ತದೆ: "12 ಮಂದಿ ಹತರಾಗಿದ್ದಾರೆ ಎಂದು ಮೂಲಗಳು ತಿಳಿಸಿವೆ." ಇಲ್ಲಿ ಎರಡು ಸಂಗತಿ ಸದ್ದಿಲ್ಲದೆ ನಡೆದುಹೋದವು. "ಸತ್ತಿರಬಹುದು" ಎಂಬುದು "ಹತರಾಗಿದ್ದಾರೆ" ಆಯಿತು. ಒಬ್ಬ ಅಧಿಕಾರಿ "ಮೂಲಗಳು" ಆದರು. ಕನ್ನಡ ಪತ್ರಿಕೆಯಲ್ಲಿ ಮೂಲ ಎಂಬುದಕ್ಕೆ ಏಕವಚನವೇ ಇಲ್ಲವೇನೋ ಅನ್ನಿಸುವಷ್ಟು ಅದು ಯಾವಾಗಲೂ ಬಹುವಚನದಲ್ಲೇ ಬರುತ್ತದೆ. ಒಬ್ಬನ ಮಾತು ಹತ್ತು ಜನರ ಮಾತಿನ ಹಾಗೆ ಕೇಳಿಸುತ್ತದೆ.

ಆಮೇಲೆ ತಲೆಬರಹ. ಹೇಳಿದವರು ಯಾರು ಎಂಬುದು ಕನ್ನಡ ವಾಕ್ಯದಲ್ಲಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, "ಎಂದು ಇಂಥವರು ಹೇಳಿದ್ದಾರೆ" ಅಂತ. ನಾಲ್ಕೈದು ಪದಕ್ಕೆ ಇಳಿಸುವಾಗ ಕತ್ತರಿ ಬೀಳುವುದು ಆ ಬಾಲಕ್ಕೇ. "ಮೂರು ನೆಲೆ ಧ್ವಂಸ: 12 ಉಗ್ರರು ಹತ". "ಮಂದಿ" ಎಂದಿದ್ದದ್ದು "ಉಗ್ರರು" ಆದದ್ದನ್ನೂ ಗಮನಿಸಿ. ಸತ್ತವರಲ್ಲಿ ಮಕ್ಕಳಿದ್ದರೋ, ಅಡುಗೆಯವನಿದ್ದನೋ, ನಿಜಕ್ಕೂ ಉಗ್ರರೇ ಇದ್ದರೋ, ಏಜೆನ್ಸಿ ಹೇಳಿರಲಿಲ್ಲ. ಟಿವಿ ಸ್ಕ್ರಾಲ್‌ಗೆ ಬರುವಾಗ "ಪಾಪಿ ಪಾಕ್ ಅಡ್ಡೆ ಉಡೀಸ್". ಪ್ರಾಸ ಸಿಕ್ಕಿದರೆ ಸಾಕು, ಪುರಾವೆಯ ಗೊಡವೆ ಯಾರಿಗೂ ಬೇಡ. ವಾಟ್ಸ್‌ಆ್ಯಪ್‌ಗೆ ಇಳಿಯುವ ಹೊತ್ತಿಗೆ ಸಂಖ್ಯೆಯೂ ಬಲಿತಿರುತ್ತದೆ. ಈ ಸರಪಳಿಯಲ್ಲಿ ಯಾರೊಬ್ಬರೂ ಸುಳ್ಳು ಹೇಳಬೇಕೆಂದು ಕೂತಿರಲಿಲ್ಲ. ಪ್ರತಿಯೊಬ್ಬರೂ ಒಂದೊಂದು ಪದ ಉಳಿಸಿದರು, ಅಷ್ಟೆ.

ತಮಾಷೆಯೆಂದರೆ ಬೀದಿಯ ಕನ್ನಡಕ್ಕೆ ಈ ಕಾಯಿಲೆ ಇಲ್ಲ. ಅಗ್ರಹಾರದ ಕ್ಷೌರದಂಗಡಿಯಲ್ಲಿ ಕೂತವರು "ಬಾಂಬ್ ಹಾಕಿದ್ರಂತೆ" ಎನ್ನುತ್ತಾರೆ. ಆ "ಅಂತೆ" ಸಣ್ಣದಲ್ಲ. ನಾನು ಕಂಡಿಲ್ಲ, ಯಾರೋ ಹೇಳಿದ್ದು, ನಾಳೆ ಸುಳ್ಳಾದರೆ ನನ್ನನ್ನು ಹಿಡಿಯಬೇಡಿ ಎಂಬುದಷ್ಟೂ ಅದರಲ್ಲಿದೆ. ಅಚ್ಚಿನ ಕನ್ನಡ ಗಾಂಭೀರ್ಯಕ್ಕೆಂದು ಆ "ಅಂತೆ"ಯನ್ನು ಬಿಟ್ಟುಕೊಟ್ಟಿತು. ಬದಲಿಗೆ ಇಟ್ಟುಕೊಂಡ "ಎನ್ನಲಾಗಿದೆ", "ತಿಳಿದುಬಂದಿದೆ" ಎಂಬುವು ಅಂದವರು ಯಾರು, ತಿಳಿದುಬಂದದ್ದು ಎಲ್ಲಿಂದ ಎನ್ನುವುದನ್ನೇ ನುಂಗಿಹಾಕುವ ಪದಗಳು.

ಹೇಳುವ ಕ್ರಿಯಾಪದಗಳಲ್ಲೂ ಜಾತಿ ಇದೆ. ನಮ್ಮ ಸರ್ಕಾರ "ಸ್ಪಷ್ಟಪಡಿಸುತ್ತದೆ", "ತಿಳಿಸುತ್ತದೆ", "ಎಚ್ಚರಿಸುತ್ತದೆ". ಎದುರಿನ ಸರ್ಕಾರ "ಹೇಳಿಕೊಳ್ಳುತ್ತದೆ", "ಬಡಬಡಿಸುತ್ತದೆ", ಹೆಚ್ಚೆಂದರೆ "ಒಪ್ಪಿಕೊಳ್ಳುತ್ತದೆ". ವಿರೋಧ ಪಕ್ಷದವರು ಪ್ರಶ್ನೆ ಕೇಳಿದರೆ "ಕ್ಯಾತೆ ತೆಗೆಯುತ್ತಾರೆ". "ಸ್ಪಷ್ಟಪಡಿಸಿದರು" ಎಂದು ಬರೆದ ಕೂಡಲೇ ಆ ಮಾತು ನಿಜ ಎಂದು ಪತ್ರಿಕೆ ಸಹಿ ಹಾಕಿದಂತಾಯಿತು. ಏಕೆಂದರೆ ಸುಳ್ಳನ್ನು ಯಾರೂ ಸ್ಪಷ್ಟಪಡಿಸುವುದಿಲ್ಲ. ಇದಕ್ಕೆಲ್ಲ ಬೇಕಿದ್ದದ್ದು "ಹೇಳಿದರು" ಎಂಬ ಒಂದೇ ಪದ. ಎರಡೂ ಕಡೆಗೆ, ಎಲ್ಲ ಪಕ್ಷಕ್ಕೆ. ಓದುವಾಗ ಪೆನ್ಸಿಲ್ ಹಿಡಿದು ಈ ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯುತ್ತ ಹೋದರೆ, ಎರಡು ಪುಟ ಮುಗಿಯುವುದರೊಳಗೆ ಆ ಪತ್ರಿಕೆಯ ಒಲವು ಎತ್ತ ಎಂದು ಗೊತ್ತಾಗುತ್ತದೆ. ಸಂಪಾದಕೀಯ ಓದುವ ಅಗತ್ಯವೂ ಇರುವುದಿಲ್ಲ.

ಚಿತ್ರಗಳ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ "ಸಂಗ್ರಹ ಚಿತ್ರ" ಅಥವಾ "ಸಾಂದರ್ಭಿಕ ಚಿತ್ರ" ಎಂದಿದೆಯೇ ನೋಡಿ. ಇದ್ದರೆ ಆ ಬೆಂಕಿ, ಆ ಹೊಗೆ ಈ ಘಟನೆಯದಲ್ಲ. ಟಿವಿಯಲ್ಲಿ ಆ ಸೌಜನ್ಯವೂ ಅಪರೂಪ.

ಟಿವಿಯ ವಿಚಾರಕ್ಕೆ ಬಂದರೆ 2025ರ ಮೇ 8ರ ರಾತ್ರಿಯನ್ನು ಬಿಡಿಸಿ ನೋಡಲೇಬೇಕು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಿದ್ದರು, ಅವರಲ್ಲಿ ಕರ್ನಾಟಕದವರೂ ಇದ್ದರು. ಮೇ 7ರ ನಸುಕಿನಲ್ಲಿ ಭಾರತ ಗಡಿಯಾಚೆಯ ಒಂಬತ್ತು ಕಡೆ ದಾಳಿ ಮಾಡಿತ್ತು. ಮೇ 8ರ ರಾತ್ರಿ ಜಮ್ಮು ಕಡೆ ಡ್ರೋನ್‌ಗಳು ಬಂದದ್ದು ನಿಜ, ದೀಪ ಆರಿಸಿದ್ದು ನಿಜ. ಆ ಕತ್ತಲಿಂದಾಚೆಗೆ ದೇಶದ ಹಲವು ಚಾನೆಲ್‌ಗಳಲ್ಲಿ ಕರಾಚಿ ಬಂದರು ಧ್ವಂಸವಾಯಿತು, ಇಸ್ಲಾಮಾಬಾದ್ ಕೈವಶವಾಯಿತು, ಅಲ್ಲಿ ಸೇನಾ ದಂಗೆ ಎದ್ದಿತು. ಬೆಳಗಾದಾಗ ಇವ್ಯಾವುವೂ ನಡೆದಿರಲಿಲ್ಲ.

ಇದು ಹೇಗಾಗುತ್ತದೆ? ಸುದ್ದಿ ಚಾನೆಲ್‌ನ ಕಂಟ್ರೋಲ್ ರೂಮಿನಲ್ಲಿ ಎದುರಿಗೆ ಸಾಲಾಗಿ ಬೇರೆ ಚಾನೆಲ್‌ಗಳ ಪರದೆಗಳಿರುತ್ತವೆ. ಒಬ್ಬರು ಹಾಕಿದರೆ ಇನ್ನೊಬ್ಬರಿಗೆ ತಡೆಯಲಾಗುವುದಿಲ್ಲ. ಮೊದಲು ಹಾಕಿದವರಿಗೆ ಆಧಾರ ಒಂದು ಫಾರ್ವರ್ಡ್ ಮೆಸೇಜ್. ಎರಡನೆಯವರಿಗೆ ಆಧಾರ ಮೊದಲು ಹಾಕಿದವರು. ಮೂರನೆಯವರ ಹೊತ್ತಿಗೆ ಅದು "ಹಲವು ಮೂಲಗಳು ಖಚಿತಪಡಿಸಿವೆ" ಆಗಿರುತ್ತದೆ. ಸ್ವಲ್ಪ ಹೆದರುವವರು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಸಿಕ್ಕಿಸುತ್ತಾರೆ: "ಕರಾಚಿ ಬಂದರು ಧ್ವಂಸ?" ನಾಳೆ ಯಾರಾದರೂ ಕೇಳಿದರೆ ನಾವು ಹೇಳಿಲ್ಲ, ಕೇಳಿದ್ದು ಅಷ್ಟೆ ಎನ್ನಬಹುದು. ಕನ್ನಡ ಸುದ್ದಿವಾಹಿನಿಗಳ ಭಾಷೆಯಲ್ಲಿ ಈ ಕೊಕ್ಕೆಯಷ್ಟು ದುಡಿಯುವ ಚಿಹ್ನೆ ಇನ್ನೊಂದಿಲ್ಲ.

ಹಾಸ್ಯಕ್ಕೆ ಬಿಡಲಾಗದ ಪ್ರಸಂಗವೂ ಆಗ ನಡೆಯಿತು. ಪೂಂಛ್‌ನಲ್ಲಿ ಪಾಕಿಸ್ತಾನದ ಷೆಲ್ ದಾಳಿಗೆ ಸತ್ತ ಸ್ಥಳೀಯ ಶಿಕ್ಷಕರೊಬ್ಬರನ್ನು, ಭಾರತದ ಪ್ರಜೆಯನ್ನು, ಕೆಲವು ಚಾನೆಲ್‌ಗಳು ಹತನಾದ ಭಯೋತ್ಪಾದಕ ಎಂದು ಫೋಟೊ ಸಮೇತ ತೋರಿಸಿದವು. ಪೂಂಛ್ ಪೊಲೀಸರೇ ಹೇಳಿಕೆ ಕೊಟ್ಟು ಅದನ್ನು ಅಲ್ಲಗಳೆಯಬೇಕಾಯಿತು. ಗಡ್ಡ ಮತ್ತು ಟೋಪಿ ಬಿಟ್ಟು ಬೇರೆ ಯಾವ ಪುರಾವೆ ಡೆಸ್ಕ್‌ನವರ ಕೈಯಲ್ಲಿತ್ತು ಎಂದು ಯೋಚಿಸಿದರೆ ಪಕ್ಷಪಾತದ ಬೇರು ಎಲ್ಲಿದೆ ಎಂದು ಕಾಣುತ್ತದೆ.

ನಿಯಮ ಇರಲಿಲ್ಲವೇ? ಇತ್ತು. ಏಪ್ರಿಲ್ 26ರಂದೇ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸಲಹೆ ಹೊರಡಿಸಿ, ರಕ್ಷಣಾ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬೇಡಿ ಎಂದಿತ್ತು. ಅದರ ಆಧಾರ ಕೇಬಲ್ ಟಿವಿ ನಿಯಮಗಳ 6(1)(ಪಿ). ಆ ದಿನಗಳಲ್ಲೇ ಗೃಹ ಸಚಿವಾಲಯ, ನಾಗರಿಕ ರಕ್ಷಣಾ ಸೈರನ್ನಿನ ಸದ್ದನ್ನು ಕಾರ್ಯಕ್ರಮಗಳಲ್ಲಿ ಹಿನ್ನೆಲೆ ಸಂಗೀತದ ಹಾಗೆ ಬಳಸಬೇಡಿ, ಜನಕ್ಕೆ ನಿಜವಾದ ಸೈರನ್ ಕೇಳಿದಾಗ ಗಂಭೀರ ಅನ್ನಿಸದೇ ಹೋದೀತು ಎಂದೂ ಹೇಳಬೇಕಾಯಿತು. ಆದರೆ ಈ (ಪಿ) ತಡೆಯುವುದು ಸೇನೆ ಎಲ್ಲಿದೆ ಎಂಬ ನಿಜವನ್ನು. ಕರಾಚಿ ಹೋಯಿತು ಎಂಬ ಸುಳ್ಳಿಗೆ ಅದು ಅಡ್ಡ ಬರುವುದಿಲ್ಲ. ಸುಳ್ಳು, ಅರ್ಧಸತ್ಯ ಬೇಡ ಎಂಬ ಸಾಲು ಅದೇ ನಿಯಮದ (ಡಿ)ಯಲ್ಲಿದೆ. ಅದನ್ನು ಯಾರೂ ನೆನಪಿಸಿದ ಹಾಗೆ ಕಾಣಲಿಲ್ಲ. ಅತ್ತ ಎಕ್ಸ್ ಕಂಪನಿ, ಭಾರತದಲ್ಲಿ 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯಲು ತನಗೆ ಆದೇಶ ಬಂದಿದೆ ಎಂದು ಹೇಳಿತು.

ಯುದ್ಧದ ನಿಜಗಳಿಗೆ ಅವುಗಳದೇ ಆದ ವೇಗ ಇದೆ. ಇದು ಗೊತ್ತಿದ್ದರೆ ರಾತ್ರಿ ಹತ್ತಕ್ಕೆ ಟಿವಿ ಆರಿಸಿ ಮಲಗಲು ಅಡ್ಡಿಯಿಲ್ಲ. 2019ರ ಫೆಬ್ರುವರಿ 27ರಂದು, ಬಾಲಾಕೋಟ್ ದಾಳಿಯ ಮರುದಿನ, ಬಡಗಾಮ್‌ನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಿದ್ದು ಆರು ಮಂದಿ ವಾಯುಪಡೆ ಸಿಬ್ಬಂದಿ, ಒಬ್ಬ ನಾಗರಿಕ ಸತ್ತರು. ಅದನ್ನು ಹೊಡೆದದ್ದು ನಮ್ಮದೇ ಕ್ಷಿಪಣಿ, ದೊಡ್ಡ ತಪ್ಪಾಯಿತು ಎಂದು ವಾಯುಪಡೆ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರ್ 4ರಂದು. ನಡುವೆ ಲೋಕಸಭಾ ಚುನಾವಣೆ ಮುಗಿದಿತ್ತು; ಮಂಡ್ಯ, ಮೈಸೂರು ಮತ ಹಾಕಿದ್ದು ಏಪ್ರಿಲ್ 18ಕ್ಕೆ. 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತದ್ದು ಮರುದಿನವೇ ಗೊತ್ತಾಯಿತು. ತನ್ನವರು ನಾಲ್ವರು ಸತ್ತರು ಎಂದು ಚೀನಾ ಹೇಳಿದ್ದು 2021ರ ಫೆಬ್ರುವರಿಯಲ್ಲಿ. 2025ರ ಮೇ ತಿಂಗಳ ಕಾಳಗದಲ್ಲಿ ನಮ್ಮ ವಿಮಾನಗಳೂ ಬಿದ್ದವು ಎಂದು ಮೂರೂ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಅನಿಲ್ ಚೌಹಾಣ್ ಸಿಂಗಪುರದಲ್ಲಿ ಒಪ್ಪಿಕೊಂಡದ್ದು ಮೇ 31ಕ್ಕೆ; ಆರು ವಿಮಾನ ಎಂಬ ಪಾಕಿಸ್ತಾನದ ಲೆಕ್ಕ ಶುದ್ಧ ತಪ್ಪು ಎಂದೂ ಅವರು ಅಲ್ಲೇ ಹೇಳಿದರು. ಪಾಕಿಸ್ತಾನದ ಐದು ಯುದ್ಧವಿಮಾನ, ಒಂದು ದೊಡ್ಡ ವಿಮಾನ ಹೊಡೆದೆವು ಎಂದು ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಬೆಂಗಳೂರಿನಲ್ಲಿ ಹೇಳಿದ್ದು ಆಗಸ್ಟ್ 9ಕ್ಕೆ. ಮೂರೂವರೆ ವಾರ, ಮೂರು ತಿಂಗಳು, ಏಳು ತಿಂಗಳು, ಎಂಟು ತಿಂಗಳು. ಮೊದಲ ರಾತ್ರಿಯೇ ಎಲ್ಲ ಅಂಕಿಗಳೂ ಸಿಕ್ಕವು ಎನ್ನುವವರು ಅಂಕಿ ಬೇರೆ ಎಲ್ಲಿಂದಲೋ ತಂದಿರುತ್ತಾರೆ.

ಇದರ ತಿರುಗುಮುರುಗಾದ ಕಾಯಿಲೆಯೂ ಇದೆ, ಅದನ್ನು ಹೇಳದಿದ್ದರೆ ಈ ಬರಹವೂ ಬಾಲ ಕತ್ತರಿಸಿದ್ದೇ ಆಗುತ್ತದೆ. ಸ್ವಂತ ಸರ್ಕಾರದ ಯಾವ ಮಾತನ್ನೂ ನಂಬದೆ, ಎದುರಾಳಿ ಸೇನೆಯ ಪತ್ರಿಕಾಗೋಷ್ಠಿಯನ್ನು ಮಾತ್ರ ಚಾಚೂ ತಪ್ಪದೆ ಹಂಚುವವರು ಮೈಸೂರಿನ ವಿದ್ಯಾವಂತ ಗುಂಪುಗಳಲ್ಲಿ ಕಡಿಮೆಯೇನಿಲ್ಲ. ವಿದೇಶಿ ಪತ್ರಿಕೆಯಲ್ಲಿ ಬಂದಿದೆ ಎಂದರೆ ಅವರಿಗೆ ಅಲ್ಲಿಗೆ ಮುಗಿಯಿತು. ಆ ವಿದೇಶಿ ವರದಿಯನ್ನು ತೆರೆದು ನೋಡಿದರೆ ಅಲ್ಲೂ "ಹೆಸರು ಹೇಳಲು ಇಚ್ಛಿಸದ ಅಧಿಕಾರಿ"ಯೇ ಕೂತಿರುತ್ತಾರೆ. ಸಂಶಯವೂ ಒಂದೇ ಕಡೆಗೆ ಹರಿದರೆ ಅದು ಹೆಸರು ಬದಲಿಸಿಕೊಂಡ ನಂಬಿಕೆ.

ಪತ್ರಿಕೆಯ ತುಣುಕೊಂದು ಯುದ್ಧಕ್ಕೆ ಸಾಕ್ಷಿಯಾದ ಹಳೆಯ ಪ್ರಕರಣ ನಮ್ಮ ಮಂಡ್ಯ ಜಿಲ್ಲೆಯ ನೆಲದ್ದೇ. ಟಿಪ್ಪು ಫ್ರೆಂಚರ ನೆರವು ಕೇಳಿ ಮಾರಿಷಸ್‌ಗೆ ದೂತರನ್ನು ಕಳಿಸಿದ್ದ. ಅಲ್ಲಿನ ಗವರ್ನರ್ ಮಲಾರ್ಟಿಕ್ ಬಳಿ ಕಳಿಸಲು ಪಡೆಯೇ ಇರಲಿಲ್ಲ. ಗುಟ್ಟಾಗಿ ಮಾಡಬೇಕಿದ್ದ ಕೆಲಸಕ್ಕೆ ಆತ 1798ರ ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿ, ಟಿಪ್ಪು ಇಂಗ್ಲಿಷರನ್ನು ಭಾರತದಿಂದ ಓಡಿಸಲು ಹೊರಟಿದ್ದಾನೆ, ಬರುವ ಮನಸ್ಸಿರುವವರು ಬನ್ನಿ ಎಂದು ಕರೆದ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. ಆದರೆ ಜೂನ್‌ನಲ್ಲಿ ಆ ಘೋಷಣೆ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಆಗಷ್ಟೇ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಣ್ಣಿಗೂ ಬಿತ್ತು. ಮೊದಲು ಆತನಿಗೂ ಇದು ನಿಜವೇ ಎಂದು ಅನುಮಾನ ಬಂತು. ಕೇಪ್ ಆಫ್ ಗುಡ್ ಹೋಪ್‌ನಿಂದ ಇನ್ನೊಂದು ಪ್ರತಿ ಬಂದ ಮೇಲೆ ಅನುಮಾನ ಹೋಯಿತು, ಯುದ್ಧದ ಸಿದ್ಧತೆ ಶುರುವಾಯಿತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಈ ಪ್ರಕರಣ ನನಗೆ ಮತ್ತೆ ಮತ್ತೆ ನೆನಪಾಗುವುದು ಅದರಲ್ಲಿ ಸುಳ್ಳು ಇಲ್ಲದ್ದಕ್ಕೆ. ಘೋಷಣೆ ಅಸಲಿ. ವೆಲ್ಲೆಸ್ಲಿ ಎರಡನೇ ಮೂಲದಿಂದ ಖಚಿತ ಮಾಡಿಕೊಂಡಿದ್ದ, ಇವತ್ತಿನ ಹಲವು ಡೆಸ್ಕ್‌ಗಳಿಗಿಂತ ಹೆಚ್ಚೇ ಎನ್ನಬೇಕು. ಟಿಪ್ಪುವಿಗೆ ಇಂಗ್ಲಿಷರ ಮೇಲಿದ್ದ ಹಗೆಯೂ ಸುಳ್ಳಲ್ಲ. ಆ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ ಮೇಲೆ ಫ್ರೆಂಚರ ಭಯಕ್ಕೂ ಕಾರಣ ಇತ್ತು. ತಪ್ಪಿದ್ದು ತೂಕ. ಕಾಗದದ ಮೇಲಿನ ಕರೆ ಎಷ್ಟು ದೊಡ್ಡದು, ಹಡಗಿನಿಂದ ಇಳಿದವರು ಎಷ್ಟು ಮಂದಿ ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಕಲ್ಕತ್ತೆಯಲ್ಲಿ ಯಾರೂ ಕೂಗಿ ಹೇಳಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಅದೇ ಮೇ ತಿಂಗಳಲ್ಲಿ ವೆಲ್ಲೆಸ್ಲಿ ಪತ್ರಿಕೆಗಳ ಮೇಲೆ ಪೂರ್ವ ಪರಿಶೀಲನೆ ಹೇರಿದ: ಸರ್ಕಾರದ ಕಾರ್ಯದರ್ಶಿ ನೋಡದೆ ಒಂದು ಸಾಲೂ ಅಚ್ಚಾಗಬಾರದು, ಭಾನುವಾರ ಪತ್ರಿಕೆ ಬೇಡ, ಮೀರಿದವರನ್ನು ಯುರೋಪಿಗೆ ಹಡಗು ಹತ್ತಿಸಲಾಗುವುದು. ಯುದ್ಧಕ್ಕೆ ನೆಪ ಒದಗಿಸಿದ್ದು ಪತ್ರಿಕೆ. ವರ್ಷ ಕಳೆಯುವುದರೊಳಗೆ ಬಾಯಿ ಮುಚ್ಚಿಸಿಕೊಂಡದ್ದೂ ಪತ್ರಿಕೆಯೇ.

ಇನ್ನೂರು ವರ್ಷ ಆದ ಮೇಲೆ ಇದೇ ಆಟ ಇನ್ನೂ ನಯವಾಗಿ ನಡೆಯಿತು. 2002ರ ಸೆಪ್ಟೆಂಬರ್ 8ರ ಭಾನುವಾರ, ಇರಾಕ್ ಅಣುಬಾಂಬಿಗಾಗಿ ಅಲ್ಯೂಮಿನಿಯಂ ಕೊಳವೆಗಳನ್ನು ತರಿಸುತ್ತಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಹೇಳಿದವರು ಹೆಸರಿಲ್ಲದ ಅಧಿಕಾರಿಗಳು. ಅದೇ ಬೆಳಿಗ್ಗೆ ಅಮೆರಿಕದ ಉಪಾಧ್ಯಕ್ಷ ಚೆನಿ ಟಿವಿಯಲ್ಲಿ ಕೂತು, ನೋಡಿ ಇವತ್ತಿನ ಪತ್ರಿಕೆಯಲ್ಲೇ ಬಂದಿದೆ ಎಂದು ಅದನ್ನೇ ಉಲ್ಲೇಖಿಸಿದರು. ತಮ್ಮ ಬಾವಿಯ ನೀರನ್ನು ಪಕ್ಕದ ಮನೆಯ ಬಿಂದಿಗೆಯಲ್ಲಿ ತರಿಸಿಕೊಂಡ ಹಾಗೆ. ಆ ಕೊಳವೆಗಳು ಸಾಮಾನ್ಯ ರಾಕೆಟ್‌ಗಳಿಗೆ ಎಂದು ಅಮೆರಿಕದ ಇಂಧನ ಇಲಾಖೆಯ ತಜ್ಞರೇ ಹೇಳುತ್ತಿದ್ದರು. ನೈಟ್ ರಿಡರ್ ಸಂಸ್ಥೆಯ ವರದಿಗಾರರು ದೊಡ್ಡ ಕುರ್ಚಿಗಳನ್ನು ಬಿಟ್ಟು ಕೆಳಹಂತದ ತಜ್ಞರನ್ನು ಮಾತಾಡಿಸಿ ಸಂಶಯದ ವರದಿಗಳನ್ನು ಬರೆದರು. ಅವು ರಾಜಧಾನಿಯಲ್ಲಿ ಸದ್ದು ಮಾಡಲಿಲ್ಲ. ಯುದ್ಧ 2003ರ ಮಾರ್ಚ್‌ನಲ್ಲಿ ಶುರುವಾಯಿತು. ಟೈಮ್ಸ್ ತನ್ನ ವರದಿಗಾರಿಕೆ ಸಾಲದಾಯಿತು ಎಂದು ಓದುಗರಿಗೆ ಬರೆದುಕೊಂಡದ್ದು 2004ರ ಮೇ 26ರಂದು.

ಇನ್ನು ಚರ್ಚೆ ಎಂಬುದು. ಟಿವಿ ಚರ್ಚೆಯ ಪಕ್ಷಪಾತ ಅಳೆಯಲು ಬೇಕಾದ್ದು ಒಂದು ಹಾಳೆ, ಪೆನ್ನು, ಮೊಬೈಲಿನ ಸ್ಟಾಪ್‌ವಾಚ್. ಒಂದು ಗಂಟೆಯ ಕಾರ್ಯಕ್ರಮ ಎಂದರೆ ನಿಯಮದ ಲೆಕ್ಕಕ್ಕೆ 12 ನಿಮಿಷ ಜಾಹೀರಾತು, ಉಳಿದದ್ದು 48. ಹಾಳೆಯಲ್ಲಿ ನಾಲ್ಕು ಕಂಬ ಮಾಡಿಕೊಳ್ಳಿ: ಯಾರು, ಎಷ್ಟು ಸೆಕೆಂಡ್ ತಡೆಯಿಲ್ಲದೆ ಮಾತಾಡಿದರು, ಎಷ್ಟು ಸಲ ಅವರ ಮಾತು ಕತ್ತರಿಸಿದರು, ಕೇಳಿದ ಪ್ರಶ್ನೆ ಯಾವುದು. ಆ್ಯಂಕರ್‌ಗೂ ಒಂದು ಸಾಲು ಇರಲಿ. ಹಲವು ಸಲ ಅತಿ ಹೆಚ್ಚು ಮಾತಾಡಿದವರು ಅವರೇ ಆಗಿರುತ್ತಾರೆ. ಎಂಟು ಕಿಟಕಿಗಳಲ್ಲಿ ಎಂಟು ಮುಖ ಇದ್ದ ಮಾತ್ರಕ್ಕೆ ಎಂಟು ಅಭಿಪ್ರಾಯ ಇದೆ ಎಂದಲ್ಲ. ನಿವೃತ್ತ ಅಧಿಕಾರಿಗಳು ಮೂವರು, ಪಕ್ಷದ ವಕ್ತಾರರು ಇಬ್ಬರು, "ವಿಶ್ಲೇಷಕರು" ಇಬ್ಬರು, ಕೊನೆಯ ಕಿಟಕಿಯಲ್ಲಿ ಯುದ್ಧ ಬೇಡ ಎನ್ನುವ ಒಬ್ಬರು, ಹೆಚ್ಚಾಗಿ ಬೈಸಿಕೊಳ್ಳಲೆಂದೇ ಕರೆದವರು. ನಾಲ್ಕನೇ ಕಂಬ ಮುಖ್ಯ. "ಯಾವಾಗ ಹೊಡೀಬೇಕು?", "ಎಷ್ಟು ಜೋರಾಗಿ ಹೊಡೀಬೇಕು?" ಎಂಬ ಪ್ರಶ್ನೆಗಳು ಬಂದು, ಹೊಡೆದರೆ ಆಮೇಲೇನು, ಖರ್ಚು ಎಷ್ಟು, ನಿಲ್ಲಿಸುವುದು ಹೇಗೆ ಎಂಬುವು ಬರದಿದ್ದರೆ, ಉತ್ತರ ಕೊಟ್ಟವರು ಯಾರೇ ಆಗಲಿ, ತೀರ್ಮಾನ ಮೊದಲೇ ಆಗಿತ್ತು. ಒಂದೇ ದಿನದ ಹಾಳೆಯಿಂದ ಏನೂ ಹೇಳಬೇಡಿ. ಒಂದು ವಾರ ಬರೆದು, ಆಮೇಲೆ ನಿಮಗೆ ಇಷ್ಟದ ಚಾನೆಲ್‌ಗೂ ಅದನ್ನೇ ಮಾಡಿ. ಎರಡನೆಯದೇ ಕಷ್ಟ.

ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಕಟ್ಟಿದ ಪುಟ್ಟ ರೇಡಿಯೊ ಕೇಂದ್ರದಲ್ಲಿ. ರೇಡಿಯೊ ಸುದ್ದಿ ಇಂದಿಗೂ ಸರ್ಕಾರದ ದನಿಯೇ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಮಾಡಲು ಅನುಮತಿಯೇ ಇಲ್ಲ. ಆದರೂ ಯುದ್ಧದ ದಿನಗಳಲ್ಲಿ ವಾರ್ತೆ ಕೇಳುವುದರಲ್ಲಿ ಒಂದು ಸುಖವಿದೆ: ಅಲ್ಲಿ ವಾಕ್ಯಕ್ಕೆ ಬಾಲ ಇರುತ್ತದೆ. "ಎಂದು ರಕ್ಷಣಾ ಸಚಿವಾಲಯದ ವಕ್ತಾರರು ತಿಳಿಸಿದ್ದಾರೆ" ಎಂಬಲ್ಲಿಗೇ ಓದುವವರು ಉಸಿರು ತೆಗೆದುಕೊಳ್ಳುತ್ತಾರೆ. ಯಾರ ಮಾತು ಎಂದು ಗೊತ್ತಿರುವ ಏಕಪಕ್ಷೀಯ ಸುದ್ದಿ, ಯಾರದೆಂದು ಗೊತ್ತಿಲ್ಲದ ಬಹುಪಕ್ಷೀಯ ಗದ್ದಲಕ್ಕಿಂತ ವಾಸಿ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ.

ಜಿಲ್ಲೆಯ ವರದಿಗಾರರ ಪಾಲಿಗೆ ಯುದ್ಧ ಬರುವುದು ಯೋಧನ ಮನೆಯ ಬಾಗಿಲಿಗೆ. 2019ರ ಫೆಬ್ರುವರಿ 14ರ ಪುಲ್ವಾಮಾ ದಾಳಿಯಲ್ಲಿ ತೀರಿಕೊಂಡ 40 ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಇಂಥ ಮನೆಗಳ ಮುಂದೆ ಮೈಕ್ ಹಿಡಿದಾಗ ಕೇಳುವ ಪ್ರಶ್ನೆ ಎಷ್ಟೋ ಸಲ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿರುತ್ತದೆ. "ಸೇಡು ತೀರಿಸ್ಕೋಬೇಕು ಅಂತೀರಾ ಅಮ್ಮ?" ಆ ತಾಯಿ ಹೂಂ ಎಂದು ತಲೆ ಆಡಿಸಿದರೂ ಸಾಕು, "ಯುದ್ಧ ಸಾರಿ ಎಂದ ವೀರಮಾತೆ" ಸಿದ್ಧ. "ಮಗನನ್ನ ಕೊನೇ ಸಲ ಮುಖ ನೋಡಕ್ಕೂ ಆಗಲಿಲ್ಲ", "ಕಾವಲು ಯಾಕೆ ತಪ್ತು?" ಎಂಬಂಥ ಮಾತು ಬಂದರೆ ಅದು ಎಡಿಟ್ ಟೇಬಲ್ ದಾಟುವುದು ಕಷ್ಟ. ಸರಿಯಾದ ಕ್ರಮ ಇಷ್ಟೇ: ಅಂತ್ಯಕ್ರಿಯೆ ಮುಗಿಯುವವರೆಗೆ ಮನೆಯವರಿಗೆ ಮೈಕ್ ಹಿಡಿಯಬಾರದು, ಆಮೇಲೂ "ಏನಾದರೂ ಹೇಳ್ತೀರಾ?" ಎಂದಷ್ಟೇ ಕೇಳಿ ಸುಮ್ಮನಾಗಬೇಕು, ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಹಾಕಬೇಕು. ಅಂದ ಹಾಗೆ, ನಾವು ಕೈಬಿಡದೆ ಬಳಸುವ "ಹುತಾತ್ಮ" ಎಂಬುದಕ್ಕೆ ಅಧಿಕೃತ ಸ್ಥಾನವಿಲ್ಲ. ಸೇನೆಗಾಗಲಿ ಅರೆಸೇನಾ ಪಡೆಗಾಗಲಿ ಅಂಥ ಪದ ಬಳಸುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಸಿಆರ್‌ಪಿಎಫ್ ಇರುವುದು ಗೃಹ ಸಚಿವಾಲಯದ ಕೈಕೆಳಗೆ. ಪಿಂಚಣಿ, ಪರಿಹಾರದ ನಿಯಮಗಳು ಸೇನೆಯವಲ್ಲ. ಪದದ ಹೂಮಾಲೆ ಹಾಕಿದ ಮೇಲೆ ಈ ವಿವರ ಬರೆಯಲು ಯಾರಿಗೂ ಜಾಗ ಉಳಿದಿರುವುದಿಲ್ಲ.

ವಿಡಿಯೊ ಬಂದರೆ ಏನು ಮಾಡಬೇಕು? ಮೊದಲು ಸದ್ದು ಆರಿಸಿ. ಹಿನ್ನೆಲೆಯ ಚೀರಾಟ ಬಹಳ ಸಲ ಬೇರೆ ಕಡೆಯಿಂದ ಅಂಟಿಸಿದ್ದು. ಸ್ಪಷ್ಟವಾಗಿರುವ ಕಡೆ ನಿಲ್ಲಿಸಿ ಎರಡು ಮೂರು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ, ಇದೇ ಚಿತ್ರ ಮೊದಲ ಬಾರಿ ಬಂದ ತಾರೀಖು ಹುಡುಕಿ. ಘಟನೆಗಿಂತ ಮುಂಚಿನ ತಾರೀಖು ಒಂದು ಸಿಕ್ಕರೂ ಕೆಲಸ ಮುಗಿಯಿತು. ಅಂಗಡಿ ಬೋರ್ಡಿನ ಲಿಪಿ, ಗಾಡಿಯ ನಂಬರ್ ಪ್ಲೇಟು, ಸ್ಟೀರಿಂಗ್ ಯಾವ ಕಡೆ ಇದೆ, ಮರಗಳು ನೋಡಿ. ಆರ್ಮಾ 3 ಎಂಬ ಗೇಮ್‌ನ ದೃಶ್ಯಗಳು ಯುದ್ಧದ ವಿಡಿಯೊ ಎಂದು ಹಲವು ದೇಶಗಳಲ್ಲಿ ಓಡಾಡಿವೆ, 2025ರಲ್ಲಿ ಇಲ್ಲೂ ಓಡಾಡಿದವು. ಅವುಗಳಲ್ಲಿ ಜನ ಕಾಣುವುದು ಕಡಿಮೆ, ಹೊಗೆ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಏಳುತ್ತದೆ, ಕ್ಯಾಮೆರಾ ಅಲುಗಾಡುವುದರಲ್ಲೂ ಒಂದು ಲಯ ಇರುತ್ತದೆ. ಏನೂ ಸಿಗದಿದ್ದರೆ ನಿಜ ಎಂದಲ್ಲ, ಗೊತ್ತಿಲ್ಲ ಎಂದಷ್ಟೆ.

ದೂರು ಕೊಡುವ ದಾರಿಯೂ ಇದೆ, ಕೊಡುವವರು ಕಡಿಮೆ. ಟಿವಿಯಾದರೆ ಮೊದಲು ಆ ಚಾನೆಲ್‌ನ ದೂರು ಅಧಿಕಾರಿಗೇ ಬರೆಯಬೇಕು: ತಾರೀಖು, ಗಂಟೆ ನಿಮಿಷ, ಪರದೆಯ ಮೇಲಿದ್ದ ಪದಗಳು ಇದ್ದ ಹಾಗೇ, ತಪ್ಪು ಏನು, ಅದಕ್ಕೆ ಪುರಾವೆ. 2021ರ ನಿಯಮದಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದೊಳಗೆ, ಚಾನೆಲ್‌ಗಳೇ ಸೇರಿ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. "ನಿಮ್ಮ ಚಾನೆಲ್ ದೇಶದ್ರೋಹಿ" ಅಥವಾ "ನೀವು ಮಾರಿಕೊಂಡಿದ್ದೀರಿ" ಎಂದು ಬರೆದ ದೂರುಗಳು ಅಲ್ಲಿಗೇ ಸಾಯುತ್ತವೆ. ಸ್ಕ್ರೀನ್‌ಶಾಟ್ ಇಲ್ಲದವೂ ಅಷ್ಟೆ, ಏಕೆಂದರೆ ಬೆಳಿಗ್ಗೆ ಯೂಟ್ಯೂಬಿನಿಂದ ಆ ತುಣುಕು ಮಾಯವಾಗಿರುತ್ತದೆ. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಪತ್ರ, ಆಮೇಲೆ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ.

ದೂರು ಗೆದ್ದರೆ ಸಿಗುವುದು ಒಂದು ತಿದ್ದುಪಡಿ. ಟಿವಿಯಲ್ಲಿ ಅದು ಸದ್ದಿಲ್ಲದ ಒಂದು ಸ್ಕ್ರಾಲ್, ಕಣ್ಣು ಮಿಟುಕಿಸಿದರೆ ಹೋಯಿತು. ಪತ್ರಿಕೆಯಲ್ಲಿ ಒಳಪುಟದ ಕೆಳಮೂಲೆ, ಮೂರ್ನಾಲ್ಕು ಸಾಲು, ಕೆಆರ್‌ಎಸ್ ಮಟ್ಟದ ಚೌಕಕ್ಕಿಂತಲೂ ಚಿಕ್ಕದು. ಅದರಲ್ಲೂ ಹೆಚ್ಚಿನವು ತಪ್ಪು ಏನಿತ್ತು ಎಂದು ಹೇಳದೆ "ತಪ್ಪಾಗಿ ಪ್ರಕಟವಾಗಿದೆ, ವಿಷಾದಿಸುತ್ತೇವೆ" ಎಂದು ಮುಗಿದುಬಿಡುತ್ತವೆ.